ಚಂದ್ರಪುರ ತಪ್ಪಿಸಲಿಕ್ಕೆ ಕಲ್ತ ಡಬ್ಬಿ

ನೌಕರಿಯೊಳಗ ಒಂದು ನಿಯಮ ಅದ. ಯಾವ ಪುಸ್ತಕದಾಗೂ ಬರದಿಲ್ಲ, ಆದ್ರ ಎಂದೂ ತಪ್ಪಂಗಿಲ್ಲ. ಹೊಸಾ ಸಾಮಾನು ಬಂದ ದಿನ ಅದರ ಹತ್ತರ ಯಾರು ನಿಂತಿರ್ತಾರೋ ಅವರೇ ಅದರ ತಜ್ಞರು. ಹಿಂಗ ನಿಂತು ನಿಂತು ನಾ ನೀರೆತ್ತೋ ಪಂಪಿನ ತಜ್ಞ ಆಗೀನಿ, ಗ್ವಾಡಿ ಗಡಿಯಾರದ ತಜ್ಞ ಆಗೀನಿ, ಒಂದು ಸಲ ಎರಡು ತಿಂಗಳು ಜೇನುಪೆಟ್ಟಿಗಿ ತಜ್ಞನೂ ಆಗಿದ್ದೆ. ಅದನ್ನ ನೆನಸಿಕೊಂಡ್ರ ಇನ್ನೂ ಮಾರಿ ಉರೀತದ. ಬುದ್ಧಿ ಇದ್ದಾಂವ ಲಾರಿ ಸಪ್ಪಳ ಕೇಳಿದ ಕೂಡಲೇ ಸಂಡಾಸದ ಕಡೆ ನಡೀತಾನ. ನನಗ ಆ ಬುದ್ಧಿ ಬರಲೇ ಇಲ್ಲ.

ಎಪ್ಪತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ನಾ ಸೊಲ್ಲಾಪುರದ ಒಂದು ತಾಂತ್ರಿಕ ಸಾಲಿಯೊಳಗ ವಾಯರಿಂಗ್ ಮಾಸ್ತರ. ಮನಿ ಅಕ್ಕಲಕೋಟದಾಗ. ಮುಂಜಾನೆ ಎಸ್‌ಟಿ ಬಸ್ಸು ಹತ್ತಿ ಬರೋದು, ಸಂಜಿಮುಂದ ಎಸ್‌ಟಿ ಹತ್ತಿ ಹೋಗೋದು. ಧೂಳು ಕುಡದು ಕುಡದು ಸಾಕಾಗ್ತಿತ್ತು, ಆದ್ರೂ ಅದು ಸುಖಾನೇ. ಯಾಕಂದ್ರ ಅದಕ್ಕಿಂತ ಮೊದಲ ಹನ್ನೆರಡು ವರ್ಷ ಧುಳೆ, ರತ್ನಾಗಿರಿ, ಪರಭಣಿ ಅಂತ ಮಹಾರಾಷ್ಟ್ರದ ನಾಕೂ ಮೂಲಿ ತಿರುಗಿ, ಖಾನಾವಳಿ ಊಟ ಉಂಡು ಹೊಟ್ಟಿ ಕೆಡಿಸಿಕೊಂಡಿದ್ದೆ. ಹಿರೇಮಗಳು ನಾ ಧುಳೆದಾಗ ಇದ್ದಾಗ ಹುಟ್ಟಿದಾಕಿ. ದೀಪಾವಳಿಗೆ ಬ್ಯಾಗ್ ಹಿಡಕೊಂಡು ಬಂದ್ರ, "ಅವ್ವಾ, ಮಾಮಾ ಬಂದಾರ" ಅಂತ ಒಳಗ ಓಡ್ತಿದ್ಲು. ಅಪ್ಪಾ ಅನ್ನಲಿಕ್ಕೆ ಆಕಿಗೆ ಆರು ವರ್ಷ ಹಿಡೀತು. ಈಗ ಮೂರು ವರ್ಷದಿಂದ ಮನಿ ರೊಟ್ಟಿ, ಮನಿ ಪುಂಡಿಪಲ್ಯ. ಇನ್ನ ಸಾಯೋತನಕ ಎಲ್ಲಿಗೂ ಹೋಗಂಗಿಲ್ಲ ಅಂತ ಮನಸಿನ್ಯಾಗ ಗಟ್ಟಿ ಮಾಡಿಕೊಂಡಿದ್ದೆ.

ಅಷ್ಟರಾಗ ಡಬ್ಬಿ ಬಂತು. ನಾ ಬಾಗಲದಾಗ ನಿಂತಿದ್ದೆ.

೧. ಡಬ್ಬಿಗೆ ನಂಬರು

ಪುಣಾದಿಂದ ಕಟ್ಟಿಗಿ ಪೆಟ್ಟಿಗಿಯೊಳಗ ಹುಲ್ಲು ತುಂಬಿ ಕಳಿಸಿದ್ರು. ತಗದು ನೋಡಿದ್ರ ಪಾಟಿಯಷ್ಟು ಅಗಲದ್ದೊಂದು ಹಸಿರು ಹಲಗಿ. ಅದರ ಮ್ಯಾಲ ಜಿರಳಿಯಂಥಾ ಕರೀ ತುಣುಕು ಒಂದಿಷ್ಟು, ಕೆಳಗ ಇಪ್ಪತ್ತು ಇಪ್ಪತ್ತೈದು ಗುಂಡಿ, ತುದಿಗೆ ಕೆಂಪು ಅಂಕಿ ತೋರಿಸೋ ಸಣ್ಣ ಗಾಜಿನ ಕಿಟಕಿ. ಎಲ್ಲಾಕ್ಕಿಂತ ದೊಡ್ಡ ಜಿರಳಿ ಇತ್ತಲ್ಲ, ಅದರ ಹೆಸರು ಪ್ರೊಸೆಸರ್. ಗಣಕಯಂತ್ರದ ತಲಿ ಅಂದ್ರ ಅದೇ ಅಂತ. ಗುಂಡಿ ಒತ್ತಿ ಅಂಕಿಯೊಳಗ ಅದಕ್ಕ ಹುಕುಮು ಕೊಡಬೇಕು, ಅದು ಮಾಡ್ತದ. ಜೋಡಿಗೆ ಎರಡು ಬಟ್ಟು ದಪ್ಪಂದು ಇಂಗ್ಲಿಷ್ ಪುಸ್ತಕ.

ಪ್ರಿನ್ಸಿಪಾಲ್ ಸಾಹೇಬ್ರು ತಮ್ಮ ಖೋಲಿಗೆ ಕರದ್ರು. ಅವ್ರು ಮರಾಠಿ ಮಂದಿ, ಮನಸಿನಿಂದ ಒಳ್ಳೆಯವರು. ಚಂದ್ರಪುರದ ಸಾಲಿಗೆ ಒಬ್ಬ ವಾಯರಿಂಗ್ ಮಾಸ್ತರ ಬೇಕಂತ ಪತ್ರ ಬಂದದ, ವರ್ಗಾವಣೆ ಯಾದಿಯೊಳಗ ನಿಮ್ಮ ಹೆಸರೇ ಮ್ಯಾಲ ಅದ ಅಂದ್ರು. ಚಂದ್ರಪುರ ಅಂದ್ರ ರಾಜ್ಯದ ಆ ತುದಿ. ಗಾಡಿ ಬದಲಿಸಿ ಬದಲಿಸಿ ಹೋಗಿ ಮುಟ್ಟೋದ್ರಾಗ ಕಟ್ಟಿದ ಬುತ್ತಿ ಹಳಸ್ತದ. ಒಂದು ಉಪಾಯ ಅದ, ಅಂದ್ರು ಸಾಹೇಬ್ರು. ನಾಕು ತಿಂಗಳಿಗೆ ತಪಾಸಣಿ ಬರ್ತದ. ಅಷ್ಟರಾಗ ನೀವು ಈ ಡಬ್ಬಿ ಕಲ್ತು ನಡಿಸಿ ತೋರಿಸಿದ್ರ, ಈ ಮನುಷ್ಯ ಇಲ್ಲದ ನಮ್ಮ ಸಾಲಿ ನಡ್ಯಂಗಿಲ್ಲ ಅಂತ ನಾ ಬರದುಕೊಡ್ತೀನಿ. ಕಲೀಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ.

ನಾಳಿಯಿಂದಲೇ ಶುರು ಮಾಡ್ತೀನಿ ಅಂದೆ. ಆದ್ರ ನಾಳಿ ಅನ್ನೋದ್ರಾಗ ಸ್ಟೋರ್‌ಕೀಪರ್ ತನ್ನ ಕೆಲಸ ಮುಗಿಸಿದ್ದ. ಇಂವ ಸೊಲ್ಲಾಪುರ ಪೇಟಿಯ ಕಾಳಿನ ವ್ಯಾಪಾರದ ಮನಿತನದಾಂವ. ಅಣ್ಣಗೋಳು ಅಂಗಡಿ ನೋಡಿಕೊಂಡಿದ್ರು, ಇಂವ ಸರಕಾರಿ ನೌಕರಿಗೆ ಬಂದಿದ್ದ. ಭಾಳ ಹುರುಪಿನ ಮನುಷ್ಯ. ಆಳಸಿಯವರನ್ನ ಹೆಂಗರ ಸಂಭಾಳಿಸಬಹುದು, ಹುರುಪಿನವರಿಂದ ದೇವರೇ ಕಾಯಬೇಕು.

ಸಾಲಿಗೆ ಬಂದ ಪ್ರತಿಯೊಂದು ಸಾಮಾನಿನ ಮ್ಯಾಲೂ ಬಿಳೇ ಎಣ್ಣಿಬಣ್ಣದಾಗ ನಂಬರು ಬರೀಬೇಕು ಅಂತ ಕಾಯದೆ. ಕುರ್ಚಿಗೆ ನಂಬರು, ಬಕೀಟಿಗೆ ನಂಬರು, ಸಂಡಾಸದ ತಂಬಿಗಿಗೂ ನಂಬರು. ಮುಂಜಾನೆ ಬಂದು ನೋಡ್ತೀನಿ, ಡಬ್ಬಿಯ ಅಂಕಿ ತೋರಿಸೋ ಗಾಜಿನ ಮ್ಯಾಲೇ ಚಂದಾಗಿ, ಸಾಲಾಗಿ ನಂಬರು ಬರದಾನ. ಇದೇನ್ರಿ ಮಾರಾಯ್ರ ಅಂದೆ. ಉಳದದ್ದೆಲ್ಲ ಉಬ್ಬುತಗ್ಗು ಇತ್ರಿ ಮಾಸ್ತರ್ರ, ಇದೊಂದೇ ಸಪಾಟ ಸಿಕ್ತು ಅಂದ.

ಬ್ಲೇಡಿನಿಂದ ಕೆರದೆ, ಚಿಮಣಿ ಎಣ್ಣಿ ಹಚ್ಚಿ ತಿಕ್ಕಿದೆ. ಅರ್ಧ ಹೋತು, ಅರ್ಧ ಉಳೀತು. ಮುಂದ ನಾಕು ತಿಂಗಳು ಬಣ್ಣದ ಸಂದಿಯೊಳಗ ಇಣುಕಿ ಇಣುಕಿ ಅಂಕಿ ಓದಬೇಕಾತು. ಇಡೀ ರಾಜ್ಯದಾಗ ಕರೆಂಟ್ ಇಲ್ಲದಾಗನೂ ನಂಬರು ತೋರಿಸೋ ಗಣಕಯಂತ್ರ ನಮ್ಮದೊಂದೇ ಇದ್ದಿರಬೇಕು.

೨. ನಾಕು ಸಾಲಿನ ಹುಕುಮು

ಪುಸ್ತಕ ಎಸ್‌ಟಿಯೊಳಗ ಓದ್ತಿದ್ದೆ. ಹೋಗೋವಾಗ ಒಂದು ಪಾನು, ಅಂದ್ರ ಒಂದು ಪುಟ, ಬರೋವಾಗ ಅದೇ ಪಾನು. ಮೊದಲನೇ ತಿಂಗಳು ಹಿಂಗೇ ಹೋತು. ನಾ ಏನು ತಿಳಕೊಂಡಿದ್ದೆ ಅಂದ್ರ, ಗಣಕಯಂತ್ರ ಅಂದ್ರ ಭಾರೀ ಶಾಣ್ಯಾ ಇರ್ತದ, ಅದಕ್ಕ ಎಲ್ಲಾ ಗೊತ್ತಿರ್ತದ, ನಾವು ಬರೇ ಕೇಳಬೇಕು. ಓದಿದಂಗ ಓದಿದಂಗ ತಿಳೀಲಿಕ್ಕತ್ತು, ಅದಕ್ಕ ಏನೂ ಗೊತ್ತಿಲ್ಲ. ಮನಿ ನಂಬರಿನಂಗ ಸಾಲಾಗಿ ಖಾನೆ ಅದಾವ. ಒಂದೊಂದು ಖಾನೆದಾಗ ಒಂದೊಂದು ಅಂಕಿ. ಪ್ರೊಸೆಸರ್ ಮೊದಲನೇ ಖಾನೆಗೆ ಹೋಗ್ತದ, ಅಲ್ಲಿದ್ದ ಅಂಕಿ ತಗೋತದ, ಈ ಅಂಕಿ ಅಂದ್ರ ಯಾವ ಕೆಲಸ ಅಂತ ನೋಡ್ತದ, ಆ ಕೆಲಸ ಮಾಡ್ತದ, ಮುಂದಿನ ಖಾನೆಗೆ ಹೋಗ್ತದ. ಮತ್ತ ತಗೋತದ, ನೋಡ್ತದ, ಮಾಡ್ತದ. ಇಷ್ಟೇ ಅದರ ಸಂಸಾರ. ಹಿಂದ ಏನು ಮಾಡಿದೆ, ಮುಂದ ಏನು ಬರ್ತದ, ಯಾತಕ್ಕ ಮಾಡಾಕತ್ತೀನಿ, ಒಂದೂ ಚಿಂತಿಲ್ಲ.

ಒಂದು ಶನಿವಾರ ಇದನ್ನ ಮನ್ಯಾಗ ಹೇಳಿದೆ. ನಮ್ಮ ಮನ್ಯಾಕಿ ರೊಟ್ಟಿ ಬಡೀಲಿಕ್ಕತ್ತಿದ್ಲು. ಆಕಿ ನಾಕನೇ ಇಯತ್ತೆ ತನಕ ಸಾಲಿ ಕಲ್ತಾಕಿ, ಆದ್ರ ಮಾತು ಹಿಡಿಯೋದ್ರಾಗ ವಕೀಲ. ಬಡಿಯೋ ಕೈ ನಿಲ್ಲಿಸಿ, ಹೇಳಿದ ಕೂಡಲೇ ಮಾಡ್ತದೋ, ಇಲ್ಲಾ ಈಗ್ಯಾಕ, ಆಮ್ಯಾಲ ನೋಡೋಣು ಅಂತದೋ ಅಂತ ಕೇಳಿದ್ಲು. ಹಂಗೆಲ್ಲ ಅನ್ನಂಗಿಲ್ಲ ಅಂದೆ. ಪೇಪರ್ ಓದಿಕೋತ ಹ್ಞೂಂ ಹ್ಞೂಂ ಅಂತ ಕೂಡಂಗಿಲ್ಲ ಹೌದಲ್ರಿ ಅಂದ್ಲು. ಇಲ್ಲ ಅಂದೆ. ಇಂಥಾದ್ದು ಮನಿಗೊಂದು ಇರಬೇಕು ನೋಡ್ರಿ ಅಂದು ಮತ್ತ ರೊಟ್ಟಿ ಬಡೀಲಿಕ್ಕತ್ತಿದ್ಲು.

ಕಲಿಯೋ ಹುಚ್ಚಿನ್ಯಾಗ ನಾನೇ ಬಾಯಿ ಬಿಟ್ಟೆ. ನಾಳಿ ರವಿವಾರ ಒಂದು ತಾಸು ನಾನೇ ಪ್ರೊಸೆಸರ್ ಆಗ್ತೀನಿ, ನೀ ಹುಕುಮು ಬರಸು, ಬರದಷ್ಟೇ ಮಾಡ್ತೀನಿ, ನನಗೂ ತಿಳೀತದ ಅಂದೆ. ಆಕಿ ಹಿರೇಮಗಳ ಕೈಲೇ ಹಾಳಿ ಮ್ಯಾಲ ನಾಕು ಸಾಲು ಬರಸಿದ್ಲು. ಒಂದು, ಕೊಡ ತಗೋ. ಎರಡು, ಬೀದಿ ನಳಕ್ಕ ಹೋಗಿ ತುಂಬು. ಮೂರು, ತಂದು ಹಂಡೆದಾಗ ಸುರು. ನಾಕು, ಒಂದನೇ ಸಾಲಿಗೆ ಹೋಗು. ಹಾಳಿ ನನ್ನ ಕೈಗೆ ಕೊಟ್ಟು, ಮಕ್ಕಳನ್ನ ಕರಕೊಂಡು ಗುಡಿಗೆ ಹೋದ್ಲು.

ನಾ ಶುರು ಮಾಡಿದೆ. ನಾಕು ಕೊಡಕ್ಕ ಹಂಡೆ ತುಂಬ್ತು. ಆದ್ರ ಹಾಳಿಯೊಳಗ ಹಂಡೆ ತುಂಬಿದ್ರ ನಿಲ್ಲು ಅಂತ ಎಲ್ಲೀನೂ ಬರದಿರಲಿಲ್ಲ. ಮಾತು ಕೊಟ್ಟೀನಿ, ಹಂಗೇ ಸುರಿದೆ. ಏಳನೇ ಕೊಡಕ್ಕ ಬಚ್ಚಲ ತುಂಬಿ ನೀರು ಪಡಸಾಲಿಗೆ ಬಂತು. ನಳದ ಮುಂದ ಪಾಳಿ ಹಚ್ಚಿದ್ದ ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿಕೊಂಡು, ಮನ್ಯಾಗ ಲಗ್ನ ಏನಾರ ಅದ ಏನ್ರಿ ಮಾಸ್ತರ್ರ ಅಂತ ಕೇಳಿದ್ರು. ಹನ್ನೆರಡನೇ ಕೊಡಕ್ಕ ನನ್ನ ಸೊಂಟ ಹಿಡೀತು. ಕೊಡ ಇಟ್ಟು ಕಟ್ಟಿ ಮ್ಯಾಲ ಕೂತುಬಿಟ್ಟೆ.

ಆಕಿ ಬಂದು ಹೊಸ್ತಲದಾಗ ನಿಂತು ನೀರು ನೋಡಿದ್ಲು. ನೀನು ನಿಲ್ಲು ಅನ್ನೋ ಸಾಲು ಬರಸಲಿಲ್ಲ, ತಪ್ಪು ನಿಂದೇ, ಖರೇ ಯಂತ್ರ ಇದ್ದಿದ್ರ ಕರೆಂಟ್ ಹೋಗೋತನಕ ತರ್ತಿತ್ತು ಅಂತ ಸೊಂಟ ಹಿಡಕೊಂಡೇ ಪಾಠ ಮಾಡಿದೆ. ಪೂರ್ತಿ ಕೇಳಿದ್ಲು. ಕೇಳಿ ಅಂದ್ಲು:

"ಕರೆಂಟ್ ಹೋಗಿಲ್ಲಲ್ಲ ಮತ್ತ. ನೀವ್ಯಾಕ ನಿಂತ್ರಿ?"

೩. ಮೆಮೊ

ಎರಡನೇ ತಿಂಗಳಿಗೆ ಮೂವತ್ತೆಂಟು ಅಂಕಿಯ ಒಂದು ಹುಕುಮಿನ ಸಾಲು ತಯಾರ ಮಾಡಿದೆ. ಡಬ್ಬಿಗೆ ಒಂದು ಬಲ್ಬು ಕಟ್ಟಿದ್ದೆ. ಆ ಬಲ್ಬು ಹತ್ತಬೇಕು, ಆರಬೇಕು, ಅಷ್ಟೇ. ನನಗ ಆಗಲೇ ಚಾಳೀಸು ಬಂದಿತ್ತು, ಗುಂಡಿ ಮ್ಯಾಲಿನ ಸಣ್ಣ ಅಕ್ಷರ ಕಾಣತಿರಲಿಲ್ಲ. ಅದಕ್ಕ ನಾ ದಪ್ಪ ಅಕ್ಷರದಾಗ ಬರಕೊಂಡ ಹಾಳಿ ನೋಡಿ ಓದೋದು, ಸ್ಟೋರ್‌ಕೀಪರ್ ಒತ್ತೋದು ಅಂತ ಮಾಡಿಕೊಂಡ್ವಿ. ಅಂವನ ಬಟ್ಟು ಚುರುಕು. ಒಂದು ಮುಂಜಾನೆ ಪೂರಾ ಕೂತು ಮೂವತ್ತೆಂಟೂ ತುಂಬಿದ್ವಿ. ಬಲ್ಬು ಒಂದು ಸಲ ಹತ್ತಿ ಆರಿತು. ನನಗ ಕಣ್ಣೀರು ಬರೋದೊಂದು ಬಾಕಿ. ಓಡಿಹೋಗಿ ಸಾಹೇಬ್ರಿಗೆ ಹೇಳಿ ಕರಕೊಂಡು ಬರೋದ್ರಾಗ ಕರೆಂಟ್ ಹೋಗಿತ್ತು. ಸೊಲ್ಲಾಪುರದಾಗ ಅದೇನು ಹೊಸಾದಲ್ಲ. ಅರ್ಧ ತಾಸಿಗೆ ಬಂತು. ಗುಂಡಿ ಒತ್ತಿದ್ರ ಏನೂ ಇಲ್ಲ. ಮೂವತ್ತೆಂಟೂ ಅಂಕಿ ಮಂಗಮಾಯ.

ಸಾಹೇಬ್ರಿಗೆ ಸಿಟ್ಟು ಬರಲಿಲ್ಲ, ಸಂಶಯ ಬಂತು. ಮರುದಿನ ನನಗ ಮೆಮೊ ಕೊಟ್ರು. ಯಂತ್ರದಾಗ ತುಂಬಿದ್ದೀನಿ ಅಂತ ನೀವು ಹೇಳಿದ ಸೂಚನೆಗಳು ಅಲ್ಲಿ ಯಾಕ ಉಳೀಲಿಲ್ಲ, ಇದಕ್ಕ ಜವಾಬ್ದಾರ ಯಾರು, ಎರಡು ದಿನದಾಗ ಖುಲಾಸೆ, ಅಂದ್ರ ವಿವರಣಿ, ಬರದುಕೊಡಬೇಕು. ಕೂತು ಬರದೆ. ಈ ಯಂತ್ರಕ್ಕ ನೆನಪು ಅದ, ಆದ್ರ ಕರೆಂಟ್ ಇರೋತನಕ ಅಷ್ಟೇ. ಕರೆಂಟ್ ಹೋದ್ರ ತಾ ಯಾರು ಅನ್ನೋದೇ ಮರೀತದ. ಇದರಾಗ ನನ್ನ ನಿಷ್ಕಾಳಜಿ ಇಲ್ಲ.

ಖುಲಾಸೆ ತಿರುಗಿ ಬಂತು. ಬದಿಗೆ ಸಾಹೇಬ್ರು ಕೆಂಪು ಶಾಯಿಯೊಳಗ ಮರಾಠಿಯಾಗ ಬರದಿದ್ರು, "ಯಂತ್ರಾಲಾ ಸಮಜ ದ್ಯಾವಿ." ಅಂದ್ರ, ಯಂತ್ರಕ್ಕ ತಾಕೀತು ಮಾಡಬೇಕು. ಅವ್ರು ನಗಚಾಟಿಕಿಗೆ ಬರದ್ರೋ, ದಿನಾ ಐವತ್ತು ಕಾಗದಕ್ಕ ಬರಿಯೋದನ್ನ ಇದಕ್ಕೂ ಬರದ್ರೋ, ನನಗ ಇವತ್ತಿಗೂ ಗೊತ್ತಿಲ್ಲ. ಆದ್ರ ಹುಕುಮು ಅಂದ್ರ ಹುಕುಮು. ಮಧ್ಯಾಹ್ನ ಸ್ಟೋರ್‌ಕೀಪರ್ ಕಾಗದದ ಎರಡು ನಕಲು ಹಿಡಕೊಂಡು ಬಂದ. ಒಂದನ್ನ ಡಬ್ಬಿ ಮುಚ್ಚಳಕ್ಕ ಅಂಟಿಸಿದ. ಇನ್ನೊಂದನ್ನ ನನ್ನ ಮುಂದ ಚಾಚಿದ.

"ತಾಕೀತು ಮುಟ್ಟಿದ್ದಕ್ಕ ಸಹಿ ಬೇಕಾಗ್ತದ ಮಾಸ್ತರ್ರ. ಅದರ ಪರವಾಗಿ ನೀವೇ ಮಾಡಿಬಿಡ್ರಿ."

ಮಾಡಿದೆ.

೪. ಇಲ್ಲದ ಕುರಿ

ಬಲ್ಬು ಒಂದು ಸಲ ಹತ್ತಿ ಆರಿದ್ರ ಅದನ್ನ ಯಾರು ಕೇಳ್ತಾರ? ಸ್ವಿಚ್ಚು ಒತ್ತಿದ್ರ ಎಲ್ಲಾ ಬಲ್ಬೂ ಮಾಡ್ತಾವ. ನಾ ಹೇಳಿದಷ್ಟು ಸಲ ಹತ್ತಿ, ಹೇಳಿದಷ್ಟಕ್ಕ ತಾನೇ ನಿಲ್ಲಬೇಕು. ಅದು ಬಂದ್ರ ತಪಾಸಣಿ ಪಾರಾದಂಗ. ಆದ್ರ ಪ್ರೊಸೆಸರ್‌ಗೆ ಎಣಿಸಲಿಕ್ಕೆ ಬರಂಗಿಲ್ಲ, ಹತ್ತು ಅಂದ್ರ ಏನಂತ ಗೊತ್ತಿಲ್ಲ, ಮತ್ತ ಹೆಂಗ ನಿಲ್ತದ? ಪುಸ್ತಕದಾಗ ಮೂರು ಪಾನು ಬರದಿದ್ರು. ಮೂರು ವಾರ ಓದಿದೆ. ತಲಿಗೆ ಹತ್ತಲೇ ಇಲ್ಲ. ಇನ್ನೊಂದು ತಿಂಗಳಷ್ಟೇ ಉಳದಿತ್ತು. ಮನ್ಯಾಕಿ ಟ್ರಂಕಿನ ಧೂಳು ಝಾಡಿಸಿ ಬಿಸಿಲಿಗೆ ಇಟ್ಟಿದ್ಲು. ಅದನ್ನ ನೋಡಿ ನನಗ ಊಟ ಸೇರಲಿಲ್ಲ.

ಅಂಥಾದ್ರಾಗ ಬೋರಾಮಣಿಯಿಂದ ಭಾವ ಬಂದ. ಭಾವ ಅಂದ್ರ ನಮ್ಮ ಮನ್ಯಾಕಿಯ ಅಣ್ಣ, ಕುರಿ ಕಾಯೋ ಮನುಷ್ಯ. ಸೊಲ್ಲಾಪುರ ಸಂತಿಗೆ ಬಂದಾಂವ ಹೆಗಲ ಮ್ಯಾಲ ಕಂಬಳಿ ಹಾಕಿಕೊಂಡು ಸೀದಾ ಸಾಲಿಗೇ ಬಂದು, ನನ್ನ ಖೋಲ್ಯಾಗ ಸ್ಟೂಲಿನ ಮ್ಯಾಲ ಕೂತ. ಮಾರಿ ಯಾಕ ಹಿಂಗ ಆಗ್ಯದ ಮಾಸ್ತರ ಅಂತ ಕೇಳಿದ. ಹೇಳಿಕೊಂಡೆ. ಎಣಿಸಲಿಕ್ಕೆ ಬರಲಾರದ್ದಕ್ಕ ಲೆಕ್ಕ ಹಿಡಿಯೋದು ಹೆಂಗ ಅಂದೆ.

ಭಾವ ಸೊಂಟದ ಚೀಲ ಬಿಚ್ಚಿ ಮೇಜಿನ ಮ್ಯಾಲ ಸುರಿದ. ಹರಳು, ಸಣ್ಣ ಸಣ್ಣ ಹರಳು. ನನಗೂ ನಲವತ್ತರ ಮುಂದ ಬರಂಗಿಲ್ಲ ಅಂದ. ಮುಂಜಾನೆ ಒಂದು ಕುರಿ ಹಟ್ಟಿಯಿಂದ ಹೊರಗ ಹೋದ್ರ ಒಂದು ಹರಳು ಚೀಲದಾಗ. ಸಂಜಿಗೆ ಒಂದು ಕುರಿ ಒಳಗ ಬಂದ್ರ ಒಂದು ಹರಳು ಹೊರಗ. ತಗೀಬೇಕು, ಚೀಲದಾಗ ಕೈ ಹಾಕಿ ನೋಡಬೇಕು. ಹರಳು ಉಳದದ, ಕಾಯಬೇಕು. ಉಳದಿಲ್ಲ, ಬಾಗಲಾ ಹಾಕಬೇಕು. ಎಷ್ಟು ಕುರಿ ಅಂತ ಬೀರಪ್ಪ ದೇವರಿಗೆ ಗೊತ್ತು, ನನಗ್ಯಾಕ ಬೇಕು ಅಂದ.

ನಾ ಪುಸ್ತಕ ತಗದು ನೋಡಿದೆ. ಮೂರು ಪಾನಿನ್ಯಾಗ ಅದನ್ನೇ ಬರದಿದ್ರು. ಒಂದು ಖಾನೆದಾಗ ಹತ್ತು ಇಡಬೇಕು. ಬಲ್ಬು ಒಂದು ಸಲ ಹತ್ತಿ ಆರಿದ ಮ್ಯಾಲ ಅದರಾಗಿಂದ ಒಂದು ಕಳೀಬೇಕು. ಸೊನ್ನಿ ಆತೋ ಇಲ್ಲೋ, ಇಷ್ಟೇ ನೋಡಬೇಕು. ಆಗಿಲ್ಲಂದ್ರ ತಿರುಗಿ ಮ್ಯಾಲಿನ ಸಾಲಿಗೆ ಹೋಗಬೇಕು, ಆಗಿದ್ರ ನಿಲ್ಲಬೇಕು. ಸ್ಟೋರ್‌ಕೀಪರನ್ನ ಕರದು ಅವತ್ತೇ ಒತ್ತಿಸಿದೆ. ಐದು ಇಟ್ರ ಐದು ಸಲ, ಎಂಟು ಇಟ್ರ ಎಂಟು ಸಲ. ಹದಿನೈದು ವರ್ಷ ಮಾಸ್ತರಕಿ ಮಾಡಿ ಕಡೀಕ ನನಗ ಪಾಠ ಹೇಳಿದಾಂವ ಕುರಿ ಕಾಯೋ ಭಾವ. ಖುಷಿ ಆತು, ನಾಚಿಕಿನೂ ಆತು.

ಭಾವಗ ಒಂದು ಪ್ರಶ್ನೆ ಬಂತು. ಮೊದಲೇ ಚೀಲ ಖಾಲಿ ಇದ್ರ ಏನು ಮಾಡ್ತದ ಅಂದ. ಏನು ಮಾಡ್ತದ, ಸುಮ್ಮ ಕೂಡ್ತದ ಅಂದು ಸೊನ್ನಿ ಇಡಿಸಿದೆ. ಬಲ್ಬು ಹತ್ತಿತು, ಆರಿತು. ಮತ್ತ ಹತ್ತಿತು. ಹತ್ತಿಕೋತ ಆರಿಕೋತ ಕೂತುಬಿಡ್ತು. ಚಾ ಬಂತು, ಕುಡದ್ವಿ, ಕಪ್ಪು ತಗೊಂಡು ಹೋದ್ರು, ಬಲ್ಬು ನಡದೇ ಇತ್ತು. ಕಡೀಕೊಮ್ಮೆ ತಾನೇ ನಿಂತಿತು.

ಪುಸ್ತಕ ತಿರುವಿದೆ. ಈ ಶಾಣ್ಯಾ ಮೊದಲ ಕಳೀತದ, ಆಮ್ಯಾಲ ನೋಡ್ತದ. ಸೊನ್ನಿಯೊಳಗಿಂದ ಒಂದು ಕಳದ್ರ ಅದಕ್ಕ ಸೊನ್ನಿಗಿಂತ ಕೆಳಗ ಜಾಗಾ ಇಲ್ಲ, ತಿರುಗಿ ತುತ್ತತುದಿಗೆ ಹೋಗಿ, ಒಂದು ಖಾನೆದಾಗ ಹಿಡಿಯೋ ಎಲ್ಲಾಕ್ಕಿಂತ ದೊಡ್ಡ ಅಂಕಿ ಇನ್ನೂರಾ ಐವತ್ತೈದು ಆಗ್ತದ. ಅಲ್ಲಿಂದ ಒಂದೊಂದೇ ಇಳೀತದ. ಇದನ್ನ ಭಾವಗ ಹರಳು ಇಟ್ಟೇ ತಿಳಿಸಿ ಹೇಳಿದೆ. ಅಂವ ಹರಳೆಲ್ಲ ಚೀಲಕ್ಕ ತುಂಬಿ ಮೀಸಿ ತಿರುವಿಕೊಂಡ.

"ಒಂದೂ ಕುರಿ ಇಲ್ಲದಾಗ ಒಂದು ಕುರಿ ಕಳದ್ರ ಇನ್ನೂರಾ ಐವತ್ತೈದು ಕುರಿ ಬರ್ತಾವಂದ್ರ, ಮಾಸ್ತರ, ಆ ಡಬ್ಬಿ ನನಗ ಕೊಟ್ಟುಬಿಡು."

೫. ತಪಾಸಣಿ

ತಪಾಸಣಿ ಸಾಹೇಬ್ರು ಪುಣಾದಿಂದ ಬಂದ್ರು. ಉದ್ದನ್ನ ಮನುಷ್ಯ, ಮಾತು ಕಡಿಮಿ, ಕಣ್ಣು ಚೂಪ. ನಾ ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಮನ್ಯಾಕಿ ದೇವರಿಗೆ ದೀಪ ಹಚ್ಚಿ ಕಳಿಸಿದ್ಲು. ಸ್ಟೋರ್‌ಕೀಪರನ್ನ ಡಬ್ಬಿ ಮುಂದ ಕೂಡಿಸಿ, ನಾ ಪ್ರಿನ್ಸಿಪಾಲ್ ಸಾಹೇಬ್ರ ಖೋಲಿಗೆ ಹೋದೆ. ಅಲ್ಲಿ ಚಾ ನಡದಿತ್ತು. ನಮ್ಮ ಸಾಹೇಬ್ರು ಮಾತು ಕೊಟ್ಟಂಗೇ ನನ್ನನ್ನ ಹೊಗಳಲಿಕ್ಕೆ ಶುರು ಮಾಡಿದ್ರು. ಈ ಮಾಸ್ತರ ಹಗಲು ರಾತ್ರಿ ಕಷ್ಟಪಟ್ಟು ಯಂತ್ರ ಕಲ್ತಾರ, ಇಂಥಾ ಮನುಷ್ಯ ಸಿಗೋದು ಅಪರೂಪ ಅಂದ್ರು.

ತಪಾಸಣಿ ಸಾಹೇಬ್ರ ಮಾರಿ ಅರಳಿತು. ಹಂಗಾರ ಭಾಳ ಛಲೋ ಆತು ಅಂದ್ರು. ಚಂದ್ರಪುರದಾಗ ಇಂಥಾವೇ ಎರಡು ಡಬ್ಬಿ ಪೆಟ್ಟಿಗಿ ಬಿಚ್ಚದ ಬಿದ್ದಾವ. ವಾಯರಿಂಗ್ ಮಾಸ್ತರ ಅವ್ರಿಗೆ ಬ್ಯಾರೆ ಕಡಿಂದ ಸಿಕ್ಕಾನ, ಅದರ ಚಿಂತಿ ಮುಗೀತು. ಈಗ ಬೇಕಾಗಿದ್ದು ಡಬ್ಬಿ ಬಲ್ಲಾಂವ. ನಾ ಸುತ್ತಾಡೋದೇ ಅಂಥಾಂವನ್ನ ಹುಡುಕಲಿಕ್ಕೆ. ಇವ್ರು ಖರೇ ಕಲ್ತಿದ್ರ ಇವತ್ತೇ ಆರ್ಡರ್ ಬರದು ಹೋಗ್ತೀನಿ. ಕಲೀದಿದ್ರ ನನಗೇನು ಉಪಯೋಗ, ನಿಮ್ಮಲ್ಲೇ ಇದ್ದು ಕಲೀಲಿ ಅಂದ್ರು. ಆಮ್ಯಾಲ ನನ್ನ ಕಡೆ ತಿರುಗಿ, ಬಲ್ಬು ಬರೋಬ್ಬರಿ ಹತ್ತು ಸಲ ಹತ್ತಬೇಕು, ಒಂಬತ್ತಾದ್ರೂ ಹನ್ನೊಂದಾದ್ರೂ ಬಂದಿಲ್ಲ ಅಂತಲೇ ಬರೀತೀನಿ ಅಂದ್ರು.

ನಾ ನಮ್ಮ ಸಾಹೇಬ್ರ ಮಾರಿ ನೋಡಿದೆ. ಸಾಹೇಬ್ರು ಮ್ಯಾಲ ಫ್ಯಾನು ನೋಡಲಿಕ್ಕತ್ತಿದ್ರು.

ಖೋಲಿಯಿಂದ ಡಬ್ಬಿ ತನಕ ಮೂವತ್ತು ಹೆಜ್ಜಿ ಆಗಬಹುದು. ಅಷ್ಟರಾಗ ವಿಚಾರ ಮಾಡಿದೆ. ನಾಕು ತಿಂಗಳ ವಿದ್ಯಾ. ಎಸ್‌ಟಿಯೊಳಗ ನಿಂತು ಓದಿದ್ದು, ಸೊಂಟ ಮುರಕೊಂಡಿದ್ದು, ಎಲ್ಲಾ ಒಂದು ಅಂಕಿಯೊಳಗ ನೀರಿಗೆ ಹಾಕಬೇಕು. ಜೀವಮಾನದಾಗ ಒಂದು ಸಲ ಏನೋ ತಿಳಕೊಂಡೀನಿ, ಅದನ್ನ ನಾಕು ಮಂದಿ ಮುಂದ ತೋರಿಸಬೇಕು ಅಂತ ಯಾರಿಗೆ ಅನಸಂಗಿಲ್ಲ? ಆದ್ರ ಚಂದ್ರಪುರದ ಖಾನಾವಳಿ ನೆನಪಾತು. ಗಟ್ಟಿ ಮನಸು ಮಾಡಿದೆ. ಹತ್ತು ಇಡೋ ಜಾಗಾದಾಗ ಒಂಬತ್ತು ಅಂತೀನಿ. ಬಲ್ಬು ಒಂಬತ್ತು ಸಲ ಹತ್ತಿ ನಿಲ್ತದ. ಮಾಸ್ತರ ದಡ್ಡ ಅಂತ ಬರೀತಾರ, ಬರೀಲಿ.

ಹಾಳಿ ಕೈಯಾಗ ಹಿಡಕೊಂಡು ಓದಲಿಕ್ಕೆ ಶುರು ಮಾಡಿದೆ. ಸ್ಟೋರ್‌ಕೀಪರ್ ಟಕ ಟಕ ಒತ್ತಿಕೋತ ಹೋದ. ತಪಾಸಣಿ ಸಾಹೇಬ್ರು ಕೈ ಕಟ್ಟಿಕೊಂಡು ಹಿಂದ ನಿಂತಿದ್ರು. ಎಷ್ಟು ಸಲ ಅನ್ನೋ ಅಂಕಿ ಬಂತು. ಒಮ್ಮೆ ಕೆಮ್ಮಿ, ಒಂಬತ್ತು ಅಂದೆ. ಒಂಬತ್ತೇನ್ರಿ ಅಂತ ಸ್ಟೋರ್‌ಕೀಪರ್ ಕೇಳಿದ. ಹೌದು, ಒಂಬತ್ತು ಅಂದೆ. ಒತ್ತಿದ. ನನಗ ಗುಂಡಿ ಎಲ್ಲಿ ಕಾಣ್ತಾವ, ನಾ ಮುಂದಿನ ಅಂಕಿ ಓದಿದೆ.

ಕಡೇ ಗುಂಡಿ ಒತ್ತಿದ ಕೂಡಲೇ ಬಲ್ಬು ಹತ್ತಿತು. ಸಾಹೇಬ್ರು ಬಟ್ಟು ಮಡಚಿಕೋತ ಎಣಿಸಲಿಕ್ಕತ್ತಿದ್ರು. ನಾನೂ ಮನಸಿನ್ಯಾಗ ಎಣಿಸಿದೆ. ಏಳು. ಎಂಟು. ನಾ ಆಗಲೇ ಮಾರಿ ಸಣ್ಣದು ಮಾಡಿ, ಕೈ ಜೋಡಿಸಿ, ತಪ್ಪಾತ್ರಿ ಸಾಹೇಬ್ರ ಅನ್ನಲಿಕ್ಕೆ ಬಾಯಿ ತಗದಿದ್ದೆ. ಒಂಬತ್ತು.

ಬಲ್ಬು ಮತ್ತೊಮ್ಮೆ ಹತ್ತಿತು. ಆರಿತು. ನಿಂತಿತು.

ಶಾಬ್ಬಾಸ ಅಂತ ತಪಾಸಣಿ ಸಾಹೇಬ್ರು ನನ್ನ ಬೆನ್ನು ಚಪ್ಪರಿಸಿದ್ರು. ಜೋಡಿಸಿದ ಕೈ ನೋಡಿ, ಎಷ್ಟು ವಿನಯ ಇವ್ರದು ಅಂದ್ರು. ಅಲ್ಲೇ ಮೇಜಿನ ಮ್ಯಾಲ ಕಾಗದ ಇಟ್ಟು ಆರ್ಡರ್ ಬರದ್ರು. ನಮ್ಮ ಸಾಹೇಬ್ರು ಮಾರಿ ಸಪ್ಪಗ ಮಾಡಿಕೊಂಡು ಸಹಿ ಹಾಕಿದ್ರು.

ಅವ್ರು ಹೋದ ಮ್ಯಾಲ ಸ್ಟೋರ್‌ಕೀಪರನ ತೋಳು ಹಿಡದೆ. ನಾ ಒಂಬತ್ತು ಅಂದ್ರ ನೀ ಏನು ಒತ್ತಿದ್ಯೋ ಮಾರಾಯ ಅಂತ ಕೇಳಿದೆ. ಅಂವ ಭಾಳ ಖುಷಿಯಿಂದ ಹೇಳಿದ. ಒಂಬತ್ತರ ಮುಂದಿನ ಗುಂಡಿ, ಅಂದ್ರ ಆ ಡಬ್ಬಿಯೊಳಗ ಹತ್ತಕ್ಕ ಇರೋ ಗುಂಡಿ, ಒತ್ತಿದ್ನಂತ. ಯಾಕೋ ಅಂದೆ.

"ಪುಣಾದ ಸಾಹೇಬ್ರು ನಮ್ಮ ಬಾಗಲಕ್ಕ ಬಂದಾರ್ರಿ ಮಾಸ್ತರ್ರ. ನಮ್ಮ ಅಂಗಡ್ಯಾಗ ಅಜ್ಜನ ಕಾಲದಿಂದ ಯಾರಿಗೂ ಅಳತಿಯಷ್ಟೇ ಅಳದು ಕಳಿಸಿಲ್ಲ. ಅದಕ್ಕ ಮ್ಯಾಲ ಒಂದು ಕೊಸರು ಹಾಕಿದೆ."

ನಾ ಒಂದು ಕಳದಿದ್ದೆ, ಅಂವ ಒಂದು ಕೂಡಿಸಿದ್ದ. ಮುಂದಿನ ಸೋಮವಾರ ಟ್ರಂಕು ಹೊತ್ತುಕೊಂಡು ಗಾಡಿ ಹತ್ತಿದೆ. ಆರ್ಡರಿನ್ಯಾಗ ಚಂದ್ರಪುರಕ್ಕ ಮೂರು ವರ್ಷ ಅಂತ ಸ್ವಚ್ಛ ಬರದಿತ್ತು. ತಿರುಗಿ ಬಂದು ಮನಿ ರೊಟ್ಟಿ ಉಂಡದ್ದು ನಾಕನೇ ವರ್ಷ ಮುಗದ ಮ್ಯಾಲ. ಸರಕಾರದವರೂ ಕೊಸರು ಹಾಕ್ತಾರ.